ರಸ್ತೆ ನಮ್ಮದು, ತಂತಿ ದೆಹಲಿಯದು!

ಬೆಂಗಳೂರಿನ ಕನ್ನಡ ಯುವಕರೇ, ನಿಮ್ಮ ಬೀದಿಯ ಮರಕ್ಕೆ ಜೋತುಬಿದ್ದ ಕಪ್ಪು ಕೇಬಲ್ಲುಗಳನ್ನು ಎಂದಾದರೂ ಎಣಿಸಿದ್ದೀರಾ? ನನ್ನ ಪ್ರೆಸ್ಸಿನ ಎದುರು ಎಣಿಸಲು ನಿಂತು ಹದಿನೇಳಕ್ಕೆ ಕೈಬಿಟ್ಟೆ. ಕಳೆದ ಮಳೆಗಾಲದಲ್ಲಿ ಅಲ್ಲೇ ಕೇಬಲ್ಲಿಗೆಂದು ಗುಂಡಿ ತೋಡಿದರು. ಪೇಪರ್ ರೀಮು ತಂದ ತಳ್ಳುಗಾಡಿ ಅದರೊಳಗೆ ಮಗುಚಿತು. ಲಗ್ನಪತ್ರಿಕೆಯ ಕಾಗದವೆಲ್ಲ ಕೆಸರು! ತೋಡಿದವರು ಯಾರೆಂದು ಕೇಳಿದರೆ ಒಂದು ಕಚೇರಿ ಇನ್ನೊಂದರತ್ತ ಕೈ ತೋರಿಸಿತು.

ಗುಮಾಸ್ತರ ಸೋಮಾರಿತನ ಎಂದುಕೊಂಡಿದ್ದೆ. ಅಲ್ಲ, ಕಾನೂನೇ ಹಾಗಿದೆ!

ಸಂವಿಧಾನದ 74ನೇ ತಿದ್ದುಪಡಿ 1992ರಲ್ಲಿ ರಸ್ತೆ, ನಗರ ಯೋಜನೆ ಸೇರಿ 18 ವಿಷಯಗಳನ್ನು ನಗರಾಡಳಿತಕ್ಕೆಂದು ಪಟ್ಟಿ ಮಾಡಿತು. ಟೆಲಿಫೋನು, ತಂತಿ ಮಾತ್ರ ಕೇಂದ್ರದ ಪಟ್ಟಿಯಲ್ಲೇ ಉಳಿದವು. 2016ರ ನವೆಂಬರ್‌ನಲ್ಲಿ ದೆಹಲಿ ದೊರೆಗಳು ನಿಯಮ ತಂದರು: ಕಂಪನಿಯ ಅರ್ಜಿಗೆ ಪಾಲಿಕೆ 60 ದಿನದಲ್ಲಿ ಉತ್ತರಿಸದಿದ್ದರೆ ಅನುಮತಿ ಸಿಕ್ಕಂತೆಯೇ! ನೆಲದಡಿಯ ಕೇಬಲ್ಲಿಗೆ ಅರ್ಜಿ ಶುಲ್ಕ ಕಿಲೋಮೀಟರಿಗೆ 1,000 ರೂಪಾಯಿ ಮೀರುವಂತಿಲ್ಲ. 2025ರ ಜನವರಿ 1ರಿಂದ ಜಾರಿಯಾದ ಹೊಸ ನಿಯಮದಲ್ಲೂ ಮೌನವೆಂದರೆ ಒಪ್ಪಿಗೆಯೇ. ಹೆಣ್ಣು ನೋಡಲು ಹೋದಲ್ಲೂ ಈಗ ಹುಡುಗಿಯ ಬಾಯಿಂದ ಕೇಳುತ್ತಾರೆ ಸ್ವಾಮಿ, ನಗರಕ್ಕೆ ಆ ಮರ್ಯಾದೆಯೂ ಬೇಡವೇ?

ತೆರಿಗೆಯ ಕಥೆ ಇನ್ನೂ ಕಹಿ. ಮೊಬೈಲ್ ಟವರಿಗೆ ಆಸ್ತಿ ತೆರಿಗೆ ಹಾಕಬಹುದೆಂದು ಅಹಮದಾಬಾದ್ ಪಾಲಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೇಳಿತು. 2023ರ ದೂರಸಂಪರ್ಕ ಕಾಯ್ದೆಯ 14ನೇ ಕಲಂ ಏನನ್ನುತ್ತದೆ? ಕಟ್ಟಡದ ಮೇಲಿನ ಟೆಲಿಕಾಂ ಜಾಲ ಆಸ್ತಿ ತೆರಿಗೆಯ ಲೆಕ್ಕಕ್ಕೆ ಆ ಆಸ್ತಿಯ ಭಾಗವೇ ಅಲ್ಲವಂತೆ! ನನ್ನ ಪ್ರೆಸ್ಸಿನ ತಗಡಿನ ಶೀಟಿಗೂ ನಾನು ತೆರಿಗೆ ಕಟ್ಟುತ್ತೇನೆ.

ವಿಕಿರಣದ ಮಾತು ನಾನು ಎತ್ತುತ್ತಿಲ್ಲ. ಇಂಟರ್ನೆಟ್ಟು ನನಗೂ ಬೇಕು, ಗಿರಾಕಿಗಳ ಫೈಲು ಬರುವುದೇ ಅದರಲ್ಲಿ. ಕಂಬ ಎಲ್ಲಿ ನೆಡಬೇಕೆಂದು ಆ ಬೀದಿಯವರನ್ನು ಒಂದು ಮಾತು ಕೇಳಿ ಎನ್ನುತ್ತೇನೆ, ಅಷ್ಟೆ.

ಅಗೆದ ರಸ್ತೆ ಸರಿಪಡಿಸುವ ಹೊಣೆ ಕಂಪನಿಯದೆಂದು ನಿಯಮವೇನೋ ಇದೆ. ದಬಾಯಿಸಿ ಕೇಳುವವರು ಯಾರಿದ್ದರು? 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಒಂದು ಚುನಾವಣೆ ನಡೆಯಲಿಲ್ಲ. ಐದು ವರ್ಷ ಕಾರ್ಪೊರೇಟರೇ ಇಲ್ಲದ ಊರು! ಇಂಥ ಊರಲ್ಲಿ 60 ದಿನದ ಮೌನ ಯಾವ ಲೆಕ್ಕ?

ನಿಮ್ಮ ಬೀದಿಯ ಕಂಬಕ್ಕೆ ಅನುಮತಿ ಪತ್ರ ಇದೆಯೇ ಎಂದು ಕನ್ನಡದಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 150 ಪದ ಮೀರದಿರಲಿ, ಒಂದು ಅರ್ಜಿಗೆ ಒಂದೇ ವಿಷಯ. ನಮೂನೆ ನಾನು ಅಚ್ಚು ಹಾಕಿಟ್ಟಿದ್ದೇನೆ, ಈ ಪತ್ರಿಕೆ ಹಂಚುವ ಹುಡುಗರ ಹತ್ತಿರ ಕೇಳಿ. ದುಡ್ಡು ಕೊಡಬೇಡಿ.