ಕೊಳಚೆ ಶುದ್ಧಿಯ ಯಂತ್ರಾಗಾರವೂ ಹಳ್ಳಿಯ ಕಣ್ಣೂ

ಪಟ್ಟಣದ ಚರಂಡಿಯ ನೀರನ್ನು ಶುದ್ಧಗೊಳಿಸದೆ ಕೆರೆ ಹಳ್ಳಗಳಿಗೆ ಬಿಡತಕ್ಕದ್ದಲ್ಲವೆಂಬ ವಿಷಯದಲ್ಲಿ ಈಗ ಎರಡು ಮಾತಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯು ನೊರೆಯುಕ್ಕಿ, ನೀರಿನ ಮೇಲೆಯೇ ಬೆಂಕಿ ಹೊತ್ತಿಸಿಕೊಂಡು, ನಮ್ಮ ನಾಗರಿಕತೆಯ ಯೋಗ್ಯತೆಯನ್ನು ಲೋಕಕ್ಕೆಲ್ಲ ಪ್ರಕಟಪಡಿಸಿದ ತರುವಾಯ ಈ ಬಗ್ಗೆ ಚರ್ಚೆಗೆ ಅವಕಾಶವೇ ಉಳಿಯಲಿಲ್ಲ. ಶುದ್ಧೀಕರಣದ ಯಂತ್ರಾಗಾರಗಳು ಬೇಕು. ಇನ್ನೂ ಹೆಚ್ಚಾಗಿ ಬೇಕು. ಆದರೆ ಅವು ಹಳ್ಳಿಯ ನೆಲದ ಮೇಲೆ ಯಾವ ರೂಪದಲ್ಲಿ ಬಂದು ಕೂರುತ್ತವೆ ಎಂಬುದನ್ನು ಅಧಿಕಾರಿವರ್ಗದವರಾಗಲಿ ಪಟ್ಟಣದ ವಿದ್ಯಾವಂತರಾಗಲಿ ಆಲೋಚಿಸಿದಂತೆ ತೋರುವುದಿಲ್ಲ.

ಕೊಳಚೆಯು ತನ್ನ ಭಾರದಿಂದಲೇ ಹರಿದು ಬರಬೇಕಾದುದರಿಂದ ಇಂಜಿನಿಯರರು ತಗ್ಗಿನ ನೆಲವನ್ನೇ ಹುಡುಕುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ತಗ್ಗಿನ ನೆಲವೆಂದರೆ ಯಾವುದು? ಕೆರೆಯ ಹಿಂದಣ ಹಳ್ಳ, ಏರಿಯ ಕೆಳಗಣ ಅಚ್ಚುಕಟ್ಟು, ತೆಂಗಿನ ತೋಟ, ಗುಂಡುತೋಪು. ಅಂದರೆ ಬರಗಾಲದಲ್ಲಿಯೂ ಒಂದಿಷ್ಟು ಹಸಿರನ್ನು ಉಳಿಸಿಕೊಂಡಿರುವ, ಊರಿನವರ ಕಣ್ಣಿಗೆ ತಂಪಾದ ಜಾಗವೇ. ಅಲ್ಲಿ ಒಂದು ದಿನ ತಂತಿಬೇಲಿ ಏಳುತ್ತದೆ. ದುಂಡನೆಯ ಕಾಂಕ್ರೀಟು ತೊಟ್ಟಿಗಳು, ತಗಡಿನ ಕೊಟ್ಟಿಗೆಗಳು, ಕೆಸರನ್ನು ಒಣಗಿಸುವ ಕಪ್ಪು ಪಾತಿಗಳು ಬರುತ್ತವೆ. ರಾತ್ರಿಯೆಲ್ಲ ಉರಿಯುವ ಬಿಳಿಯ ದೀಪಗಳು ಬರುತ್ತವೆ. ಸುತ್ತಲೂ ಗೋಡೆ ಕಟ್ಟಿ, ಗೋಡೆಯುದ್ದಕ್ಕೂ ನಾಲ್ಕು ಹೂವಿನ ಗಿಡ ನೆಟ್ಟರೆ ಕರ್ತವ್ಯ ಮುಗಿಯಿತೆಂದು ಕಂಟ್ರಾಕ್ಟುದಾರನು ಭಾವಿಸುತ್ತಾನೆ. ಊರಿನವನು ನೋಡುವುದು ಏರಿಯ ಮೇಲಿನಿಂದ. ಅಲ್ಲಿಂದ ಗೋಡೆಯೂ ಹೂಗಿಡವೂ ಏನನ್ನೂ ಮರೆಮಾಡಲಾರವು.

ಇದು ಕೇವಲ ಅಂದಚಂದದ ಪ್ರಶ್ನೆ, ಹೊಟ್ಟೆ ತುಂಬಿದವರ ಹವ್ಯಾಸ, ಎಂದು ಕೆಲವರು ಆಕ್ಷೇಪಿಸಬಹುದು. ನಾವು ಹಾಗೆ ಎಣಿಸುವುದಿಲ್ಲ. ರೈತನಿಗೆ ಪ್ರಯೋಗಶಾಲೆಯಿಲ್ಲ, ಕಣ್ಣು ಮೂಗುಗಳೇ ಅವನ ಪ್ರಯೋಗಶಾಲೆ. ಕೋಲಾರದ ನಿದರ್ಶನವನ್ನೇ ನೋಡಬಹುದು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧಪಡಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳಿಗೆ ಹಾಯಿಸುವ ಯೋಜನೆಯ ನೀರು 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಬಹುಕಾಲ ಒಣಗಿದ್ದ ಸೀಮೆಯಲ್ಲಿ ತುಂಬಿದ ಕೆರೆಯ ದರ್ಶನವೆಂದರೆ ಸಾಮಾನ್ಯ ಸಂಗತಿಯಲ್ಲ. ಮರುತಿಂಗಳಲ್ಲೇ ಅದೇ ನೀರು ನೊರೆಗರೆಯಿತು. ಪ್ರಕರಣವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ ನೀರು ಹಾಯಿಸುವುದಕ್ಕೆ ತಡೆಯಾಜ್ಞೆಯಾಯಿತು. ಕಣ್ಣಾರೆ ಕಂಡ ನೊರೆಯನ್ನು ಅಳಿಸಿಹಾಕಲು ಯಾವ ಅಂಕಿಅಂಶದ ಪಟ್ಟಿಗೆ ಸಾಧ್ಯ?

ಖರ್ಚಿನ ಮಾತು ಬರುತ್ತದೆ. ಕನ್ನಂಬಾಡಿಯ ಅಣೆಕಟ್ಟಿಗೆ ಉದ್ಯಾನವೇನೂ ಅನಿವಾರ್ಯವಾಗಿರಲಿಲ್ಲ. ಆದರೂ ದಿವಾನ್ ಮಿರ್ಜಾ ಇಸ್ಮಾಯಿಲರು ಅದರ ಬುಡದಲ್ಲಿ ಬೃಂದಾವನವನ್ನು ರಚಿಸಿದರು. ಕುಡಿಯುವ ನೀರಿಗೂ ಕೊಳಚೆಗೂ ಹೋಲಿಕೆಯೇ ಎಂದು ಮೂಗು ಮುರಿಯುವವರು ಲಂಡನ್ನಿನ ಕಡೆ ನೋಡಬಹುದು: 1865ರಲ್ಲಿ ಆ ನಗರದ ಕೊಳಚೆಯನ್ನೆತ್ತಿ ಹಾಯಿಸುವುದಕ್ಕಾಗಿ ಕ್ರಾಸ್‌ನೆಸ್ ಎಂಬ ಜೌಗುನೆಲದಲ್ಲಿ ಬ್ಯಾಜಲ್ಜೆಟ್ ಎಂಬ ಇಂಜಿನಿಯರನು ಕಟ್ಟಿಸಿದ ಯಂತ್ರಾಗಾರದ ಕಬ್ಬಿಣದ ಕುಸುರಿಕೆಲಸವನ್ನು ಜನರು ಇಂದಿಗೂ ಹೋಗಿ ನೋಡಿಬರುತ್ತಾರೆ. ನಮ್ಮ ದೇಶದಲ್ಲಿಯೇ ಕಲ್ಕತ್ತೆಯ ಪೂರ್ವಕ್ಕೆ 12,500 ಹೆಕ್ಟೇರುಗಳ ಜವುಗಿನಲ್ಲಿ ಮೀನಿನ ಕೊಳಗಳೂ ಬಿಸಿಲೂ ಕೂಡಿಯೇ ನಗರದ ಕೊಳಚೆಯನ್ನು ತಿಳಿಗೊಳಿಸುತ್ತವೆ. ಅಲ್ಲಿ ಕಾಣುವುದು ನೀರು, ದೋಣಿ ಮತ್ತು ತರಕಾರಿಯ ಹೊಲ. ಆ ಕ್ರಮವು ಎಲ್ಲ ಊರುಗಳಿಗೂ ಒಪ್ಪುವುದೆಂದು ನಾವು ಹೇಳುತ್ತಿಲ್ಲ. ಅಷ್ಟು ನೆಲವೆಲ್ಲಿದೆ?

ಸರ್ಕಾರದವರು ಮಾಡಬಹುದಾದ ಕೆಲಸ ದೊಡ್ಡದಲ್ಲ. ಸ್ಥಳವನ್ನು ಗೊತ್ತುಮಾಡುವುದಕ್ಕೆ ಮುನ್ನ ಇಂಜಿನಿಯರರು ಗ್ರಾಮಸಭೆಯವರನ್ನು ಕೂಡಿಕೊಂಡು ಏರಿಯ ಮೇಲೆ ನಿಂತು ನೋಡಲಿ. ಅಂದಾಜುಪಟ್ಟಿಯಲ್ಲಿಯೇ ತೋಪಿಗೆ ಹಣವನ್ನು ತೆಗೆದಿರಿಸಲಿ. ಹೊಂಗೆ, ಹಿಪ್ಪೆ, ನೇರಳೆಗಳನ್ನು ಹಲವು ಸಾಲಾಗಿ ನೆಟ್ಟು, ಶುದ್ಧವಾದ ಅದೇ ನೀರನ್ನುಣಿಸಿ ಬೆಳೆಸಲಿ. ಗೋಡೆಗೆ ಊರಿನ ಕಲ್ಲನ್ನೇ ಬಳಸಿ, ಕಣ್ಣು ಕುಕ್ಕುವ ನೀಲಿ ಬಣ್ಣವನ್ನು ಬಿಡಲಿ. ದೀಪಗಳು ನೆಲವನ್ನು ನೋಡಲಿ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ತೋಪು ಕೆಟ್ಟ ಕೆಲಸಕ್ಕೆ ಹೊದಿಕೆಯಾಗಬಾರದು. ಕೆರೆಗೆ ಬಿಡುವ ನೀರು ಮೂರನೆಯ ಹಂತದ ಶುದ್ಧಿಯನ್ನು ಹೊಂದಿಯೇ ಹೊರಬರಬೇಕು. ಆ ದಿನದ ಪರೀಕ್ಷೆಯ ಫಲವನ್ನು ಬಾಗಿಲಿನ ಬಳಿ ಹಲಗೆಯ ಮೇಲೆ ಕನ್ನಡದಲ್ಲಿ ಬರೆದಿಡಬೇಕು. ವಾರಕ್ಕೊಂದು ದಿನವಾದರೂ ಆ ಬಾಗಿಲು ಊರವರಿಗೆ ತೆರೆದಿರಬೇಕು.