‘ಬಹುದು’ ಸಾಲದು, ‘ಬೇಕು’ ಎನ್ನಲಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಿಇ ಓದುವ ನಮಗೆ ಕಂಪನಿಗಳ ಪ್ಯಾಕೇಜ್ ಲೆಕ್ಕ ಬಾಯಿಪಾಠ. ಹಿರಿಯರ ಆರೈಕೆಗೆ ದುಡ್ಡು ಎಲ್ಲಿಂದ ಎಂದು ಕೇಳಿದರೆ ಮೌನ.

ಆಯುಷ್ಮಾನ್ ಭಾರತ್ ಭರಿಸುವುದು ಆಸ್ಪತ್ರೆ ಚಿಕಿತ್ಸೆಯ ಖರ್ಚನ್ನು. ವೃದ್ಧಾಶ್ರಮದ ಕೋಣೆ, ಊಟ, ನೋಡಿಕೊಳ್ಳುವವರ ಸಂಬಳ ಅದರಲ್ಲಿ ಸೇರಿಲ್ಲ. ಬಡ ಹಿರಿಯರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ; ಅಂದರೆ ದಿನಕ್ಕೆ 40. ಮಕ್ಕಳ ಜೇಬೂ ಖಾಲಿಯಿದ್ದರೆ ಗತಿಯೇನು?

ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ. ಆ ‘ಬಹುದು’ ‘ಬೇಕು’ ಆಗಲಿ. ಮಕ್ಕಳ ಕರ್ತವ್ಯ ಇದ್ದೇ ಇದೆ. ಮಕ್ಕಳಿಲ್ಲದವರ, ಕೈಲಾಗದವರ ಹೊಣೆಯನ್ನು ಸರ್ಕಾರ ಹೊರಬೇಕು. ನಾಳೆ ತೆರಿಗೆ ಕಟ್ಟಲಿರುವ ನಾವು ಇದನ್ನು ಇಂದೇ ಕೇಳೋಣ.