ಸೌದೆಯ ಲೆಕ್ಕ ಹೇಳಿದ ಸತ್ಯ

ಹೋಟೆಲಿನ ಗಲ್ಲದ ಮುಂದೆ ವರ್ಷಗಟ್ಟಲೆ ಕುಳಿತವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮನುಷ್ಯನ ಬಾಯಿ ಸುಳ್ಳು ಹೇಳಬಹುದು. ಕಿರ್ದಿ ಪುಸ್ತಕವು ಅಷ್ಟು ಸುಲಭವಾಗಿ ಹೇಳಲಾರದು. ಹಾಲು ಎಷ್ಟು ಬಂತು, ಸಕ್ಕರೆ ಎಷ್ಟು ಹೋಯಿತು ಎಂಬುದನ್ನು ಜೋಡಿಸಿ ನೋಡಿದರೆ, ಅಂದು ಎಷ್ಟು ಲೋಟ ಕಾಫಿ ಮಾರಾಟವಾಯಿತೆಂಬುದು ತಾನಾಗಿಯೇ ಹೊರಬೀಳುತ್ತದೆ. ಪಂಜಾಬದಲ್ಲಿ ಪ್ರಭುತ್ವವು ಮುಚ್ಚಿಟ್ಟಿದ್ದ ಘೋರ ಸಂಗತಿಯೊಂದು ಬಯಲಿಗೆ ಬಂದುದೂ ಹೀಗೆಯೇ, ಲೆಕ್ಕದ ಪುಸ್ತಕದಿಂದ. ಅದು ಸ್ಮಶಾನದ ಸೌದೆಯ ಲೆಕ್ಕ.

2025ರ ಆಗಸ್ಟ್ ತಿಂಗಳಲ್ಲಿ ಮೊಹಾಲಿಯ ಸಿ.ಬಿ.ಐ. ನ್ಯಾಯಾಲಯವು ಐವರು ನಿವೃತ್ತ ಪೋಲೀಸ್ ಅಧಿಕಾರಿಗಳಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 1993ರಲ್ಲಿ ತರನ್ ತಾರನ್ ಸೀಮೆಯಲ್ಲಿ ಏಳು ಮಂದಿಯನ್ನು ಕೊಂದು, ಎನ್‌ಕೌಂಟರಿನಲ್ಲಿ ಸತ್ತರೆಂದು ಸುಳ್ಳು ಬರೆದುದು ಅವರ ಅಪರಾಧ. ಅಪರಾಧಕ್ಕೂ ಶಿಕ್ಷೆಗೂ ನಡುವೆ 32 ವರ್ಷಗಳು ಕಳೆದುಹೋಗಿದ್ದುವು. ಪತ್ರಿಕೆಗಳ ಮೂಲೆಯಲ್ಲಿ ಸಣ್ಣ ಸುದ್ದಿಯಾಗಿ ಬಂದು ಮರೆಯಾದ ಈ ತೀರ್ಪಿನ ಹಿಂದಿರುವ ಕಥೆಯನ್ನು ನಮ್ಮ ಓದುಗ ಬಾಂಧವರು ತಿಳಿಯಬೇಕಾದುದು ಅವಶ್ಯ.

ಪಂಜಾಬದ ಆ ದಿನಗಳು ಸಾಮಾನ್ಯವಾದುವಲ್ಲ. ಉಗ್ರಗಾಮಿಗಳು ಬಸ್ಸುಗಳನ್ನು ತಡೆದು ಹಿಂದೂ ಪ್ರಯಾಣಿಕರಿಗೆ ಗುಂಡಿಕ್ಕುತ್ತಿದ್ದರು. ತಮ್ಮ ಮಾತಿಗೆ ಒಪ್ಪದ ಸಿಖ್ಖರನ್ನೂ ಬಿಡುತ್ತಿರಲಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನವನ್ನು ಬಾಂಬಿಟ್ಟು ಸಿಡಿಸಿದಾಗ 329 ಮಂದಿ ಸಮುದ್ರದ ಪಾಲಾದರು. ಇದನ್ನು ಮರೆತು ಪಂಜಾಬದ ಕಥೆ ಹೇಳುವವನು ಖಾತೆಯ ಅರ್ಧ ಪುಟವನ್ನಷ್ಟೇ ಓದುತ್ತಾನೆ. ಆದರೆ ಉಳಿದರ್ಧವನ್ನು ಹರಿದೊಗೆಯುವವನೂ ಅಷ್ಟೇ ತಪ್ಪಿತಸ್ಥನು. 1984ರ ಜೂನ್‌ನಲ್ಲಿ ಸೇನೆಯು ಸ್ವರ್ಣಮಂದಿರವನ್ನು ಹೊಕ್ಕಾಗ, ಗುರು ಅರ್ಜುನದೇವರ ಬಲಿದಾನದ ದಿನಕ್ಕೆಂದು ಬಂದಿದ್ದ ಯಾತ್ರಿಕರು ಒಳಗೇ ಸಿಕ್ಕಿಬಿದ್ದರು. ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರು ತಮ್ಮ ಅಂಗರಕ್ಷಕರಿಂದಲೇ ಹತರಾದರು. ಮರುದಿನದಿಂದ ದಿಲ್ಲಿಯ ಬೀದಿಗಳಲ್ಲಿ ಸಿಖ್ಖರ ಬೇಟೆ ನಡೆಯಿತು. 1985ರಲ್ಲಿ ಬಂದ ‘ಟಾಡಾ’ ಶಾಸನವು 1987ರಲ್ಲಿ ಇನ್ನಷ್ಟು ಬಿಗಿಯಾಗಿ, ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪಿತು. 1988ರಲ್ಲಿ ಸಂವಿಧಾನಕ್ಕೆ ತಂದ 59ನೆಯ ತಿದ್ದುಪಡಿಯಂತೂ, ಪಂಜಾಬದಲ್ಲಿ ತುರ್ತು ಪರಿಸ್ಥಿತಿಯನ್ನು ಸಾರಿದರೆ ಜೀವಿಸುವ ಹಕ್ಕನ್ನೇ ಅಮಾನತಿನಲ್ಲಿಡಲು ದಾರಿಮಾಡಿತು. ಮುಂದೆ 63ನೆಯ ತಿದ್ದುಪಡಿಯು ಅದನ್ನು ರದ್ದುಗೊಳಿಸಿತೆಂಬುದು ನಿಜ. ಆದರೆ ಕಾಯಿದೆಯೇ ಹೀಗೆ ಸಡಿಲವಾದ ಕಾಲದಲ್ಲಿ, ಠಾಣೆಯಲ್ಲಿ ಕುಳಿತ ಅಧಿಕಾರಿಯ ಕೈ ತಡೆಯುವವರು ಯಾರು? ಬೇಲಿಯೇ ಎದ್ದು ಹೊಲ ಮೇಯಿತು.

ಜಸವಂತ ಸಿಂಗ್ ಖಾಲ್ರಾ ಎಂಬವರು ಅಮೃತಸರದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದವರು, ಜಮಾಖರ್ಚು ಓದಬಲ್ಲವರು. ಕಾಣೆಯಾದ ಪರಿಚಿತರನ್ನು ಹುಡುಕುತ್ತ ಅವರು ಠಾಣೆಗಳಿಗೆ ಅಲೆದು, ಕೊನೆಗೆ ಸ್ಮಶಾನಕ್ಕೆ ಬಂದರು. ವಾರಸುದಾರರಿಲ್ಲದ ಹೆಣವೆಂದು ಹೇಳಿ ಪೋಲೀಸರು ಶವಗಳನ್ನು ತಂದು ಸುಡಿಸುತ್ತಿದ್ದರು. ಹೆಣ ಸುಡಲು ಸೌದೆ ಬೇಕು. ಸೌದೆಗೆ ಹಣ ಬೇಕು. ಹಣ ಕೊಟ್ಟ ಮೇಲೆ ಸರಕಾರಿ ಪುಸ್ತಕದಲ್ಲಿ ಬರೆಯಲೇಬೇಕು. ಕೊಲೆಯನ್ನು ಮುಚ್ಚಿದವರಿಗೆ ಸೌದೆಯ ರಸೀದಿಯನ್ನು ಮುಚ್ಚಬೇಕೆಂಬುದು ಹೊಳೆಯಲಿಲ್ಲ. ಊರಲ್ಲಿ ತಂದೆತಾಯಿಯರು ಮಗನ ಫೋಟೋ ಹಿಡಿದು ಠಾಣೆಯಿಂದ ಠಾಣೆಗೆ ಅಲೆಯುತ್ತಿರಲು, ಅದೇ ಮಗನನ್ನು ಅನಾಥನೆಂದು ಬರೆದು ಬೂದಿ ಮಾಡಲಾಗಿತ್ತು.

1995ರ ಜನವರಿಯಲ್ಲಿ ಖಾಲ್ರಾ ಈ ಲೆಕ್ಕವನ್ನು ಜನರ ಮುಂದಿಟ್ಟರು. ಅದೇ ವರ್ಷ ಕೆನಡಾಕ್ಕೆ ಹೋಗಿ ಅಲ್ಲಿಯವರಿಗೂ ತಿಳಿಸಿದರು. ಅಲ್ಲಿಯೇ ಉಳಿಯಿರೆಂದು ಹಿತೈಷಿಗಳು ಹೇಳಿದರೂ ಕೇಳದೆ ಮರಳಿದರು. ಸೆಪ್ಟೆಂಬರ್ 6ರ ಬೆಳಿಗ್ಗೆ ಅಮೃತಸರದ ಅವರ ಮನೆಯ ಮುಂದಿನಿಂದಲೇ ಅವರನ್ನು ಎತ್ತಿಕೊಂಡು ಹೋದರು. ಕಾಣೆಯಾದವರ ಲೆಕ್ಕ ಬರೆದವರು ತಾವೇ ಕಾಣೆಯಾದವರ ಪಟ್ಟಿಗೆ ಸೇರಿದರು. ಅವರ ದೇಹವು ಇಂದಿಗೂ ಸಿಕ್ಕಿಲ್ಲ.

ಅವರ ಪತ್ನಿ ಪರಮಜಿತ್ ಕೌರ್ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ನ್ಯಾಯಾಲಯದ ಆಜ್ಞೆಯಂತೆ ತನಿಖೆ ನಡೆಸಿದ ಸಿ.ಬಿ.ಐ., 1996ರ ಡಿಸೆಂಬರಿನಲ್ಲಿ ಕೊಟ್ಟ ವರದಿ ಹೀಗಿದೆ: ಅಂದಿನ ಅಮೃತಸರ ಜಿಲ್ಲೆಯ ಮೂರು ಸ್ಮಶಾನಗಳಲ್ಲಿ ಅಕ್ರಮವಾಗಿ ಸುಟ್ಟ ಶವಗಳು 2,097. ಪೂರ್ತಿ ಗುರುತು ಸಿಕ್ಕವರು 585 ಮಂದಿ. ಅರೆಬರೆ ಗುರುತು ಸಿಕ್ಕವರು 274. ಯಾರೆಂದೇ ತಿಳಿಯದವರು 1,238. ಇದು ಮಾನವ ಹಕ್ಕುಗಳ ಸಾಮೂಹಿಕ ಉಲ್ಲಂಘನೆಯೆಂದು ನ್ಯಾಯಾಲಯವೇ ಹೇಳಿತು. ಖಾಲ್ರಾ ಅವರ ಪ್ರಕರಣದಲ್ಲಿ 2005ರಲ್ಲಿ ಆರು ಮಂದಿ ಪೋಲೀಸರು ಅಪರಾಧಿಗಳೆಂದು ತೀರ್ಮಾನವಾಯಿತು. 2007ರಲ್ಲಿ ಉಚ್ಚ ನ್ಯಾಯಾಲಯವು ಅವರಲ್ಲಿ ನಾಲ್ವರ ಶಿಕ್ಷೆಯನ್ನು ಜೀವಾವಧಿಗೆ ಏರಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಆದರೆ ಸತ್ತ ಆ ಸಾವಿರಾರು ಮಂದಿಯ ಗತಿಯೇನು? ಸರ್ವೋಚ್ಚ ನ್ಯಾಯಾಲಯವು ವಿಷಯವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಒಪ್ಪಿಸಿತು. ಆಯೋಗವು ತನ್ನ ವಿಚಾರಣೆಯನ್ನು ಆ ಮೂರು ಸ್ಮಶಾನಗಳಿಗೆ ಮಾತ್ರ ಸೀಮಿತಗೊಳಿಸಿಕೊಂಡಿತು. ಶವವನ್ನು ಸುಟ್ಟ ಕ್ರಮ ಸರಿಯೇ ಎಂಬುದು ಅದರ ಮುಂದಿನ ಮುಖ್ಯ ಪ್ರಶ್ನೆಯಾಯಿತು. ಆತನನ್ನು ಕೊಂದವರು ಯಾರೆಂಬುದು ಬದಿಗೆ ಸರಿಯಿತು. ಕೊನೆಗೆ 1,513 ಮಂದಿಯ ಬಂಧುಗಳಿಗೆ ಒಟ್ಟು 27.94 ಕೋಟಿ ರೂಪಾಯಿ ಪರಿಹಾರವೆಂದಾಯಿತು. ಹಣ ಕೊಟ್ಟುದು ತಪ್ಪಲ್ಲ. ಆದರೆ ಕೊಲೆಗಾರನ ಹೆಸರು ಹೇಳದೆ ಕೊಟ್ಟ ಹಣವು, ಬಾಕಿಯ ಖಾತೆಯನ್ನು ಚುಕ್ತಾ ಆಯಿತೆಂದು ಗೆರೆ ಎಳೆಯುವ ಉಪಾಯವಾಗಬಾರದು.

ನಮ್ಮ ಹೋಟೆಲುಗಳ ಮೇಜುಗಳ ಮುಂದೆ ಇಂಥ ಮಾತು ಬಂದಾಗ ಕೇಳಿಬರುವ ಪ್ರಶ್ನೆಯೊಂದಿದೆ: “ಬಾಂಬಿಡುವವನಿಗೆ ಕಾಯಿದೆಯ ಉಪಚಾರವೇಕೆ?” ಈ ಪ್ರಶ್ನೆ ಸಹಜವಾದುದು, ಆದುದರಿಂದ ಉತ್ತರವನ್ನೂ ನೇರವಾಗಿ ಕೊಡಬೇಕು. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುವುದು ಅಪರಾಧಿಯ ಸುಖಕ್ಕಾಗಿ ಅಲ್ಲ. ಹಿಡಿದವನು ಅಪರಾಧಿಯೇ ಅಲ್ಲವೇ ಎಂಬುದನ್ನು ಹಿಡಿದವರಲ್ಲದೆ ಬೇರೊಬ್ಬರು ನೋಡಲೆಂದು. 2,097ರಲ್ಲಿ ಉಗ್ರಗಾಮಿಗಳೆಷ್ಟು, ನಿರಪರಾಧಿಗಳೆಷ್ಟು ಎಂದು ಇಂದು ಯಾರೂ ಹೇಳಲಾರರು. ಹೇಳಲಾಗದಂತೆ ಮಾಡಿದುದೇ ಆ ಬೆಂಕಿಯ ಕೆಲಸ. ವಿಚಾರಣೆಯಿಲ್ಲದೆ ಕೊಲ್ಲುವ ಅಧಿಕಾರವನ್ನು ಪೋಲೀಸರಿಗೆ ಒಮ್ಮೆ ಕೊಟ್ಟರೆ, ಅದು ಬಾಂಬಿಟ್ಟವನ ಮನೆಯಲ್ಲಿ ಮಾತ್ರ ನಿಲ್ಲುವುದಿಲ್ಲ. ಲೆಕ್ಕ ಕೇಳಿದ ಬ್ಯಾಂಕಿನ ನೌಕರನ ಮನೆಗೂ ಬರುತ್ತದೆ.

ಇದು ಪಂಜಾಬಿಗೆ ಮಾತ್ರ ಸೇರಿದ ರೋಗವೂ ಅಲ್ಲ, ಸಿಖ್ಖರಿಗೆ ಮಾತ್ರ ತಗಲಿದುದೂ ಅಲ್ಲ. 1987ರ ಮೇ 22ರಂದು ಮೀರತ್ತಿನ ಹಾಶಿಂಪುರದಿಂದ ಮುಸಲ್ಮಾನ ಗಂಡಸರನ್ನು ಲಾರಿಯಲ್ಲಿ ಒಯ್ದು, ಸಶಸ್ತ್ರ ಪೋಲೀಸರು ಗುಂಡಿಕ್ಕಿ ಕಾಲುವೆಗೆಸೆದರು. 31 ವರ್ಷಗಳ ಬಳಿಕ, 2018ರ ಅಕ್ಟೋಬರ್ 31ರಂದು, ದಿಲ್ಲಿ ಉಚ್ಚ ನ್ಯಾಯಾಲಯವು 16 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಲ್ಲಿಯೂ ತೀರ್ಪಿಗೆ ಆಧಾರವಾದ ಸಾಕ್ಷ್ಯಗಳಲ್ಲಿ ಪೋಲೀಸರ ದಿನಚರಿ ಪುಸ್ತಕವೊಂದು. ಇನ್ನು ದಿಲ್ಲಿಯಲ್ಲಿ 1984ರ ನವೆಂಬರಿನಲ್ಲಿ ಕೊಲೆಯಾದವರು ಸರಕಾರದ ಲೆಕ್ಕದಂತೆಯೇ 2,733. ಅಂದು ಗುಂಪುಗಳ ಕೈಯಲ್ಲಿ ಸಿಖ್ಖರ ಮನೆಗಳನ್ನು ತೋರಿಸುವ ಮತದಾರರ ಪಟ್ಟಿಗಳಿದ್ದುವೆಂದು ಬದುಕುಳಿದವರು ಹೇಳಿದ್ದಾರೆ. ಸಂಸತ್ ಸದಸ್ಯರಾಗಿದ್ದ ಸಜ್ಜನ್ ಕುಮಾರ್ ಅವರಿಗೆ ಜೀವಾವಧಿ ಶಿಕ್ಷೆಯಾದುದು 2018ರ ಡಿಸೆಂಬರಿನಲ್ಲಿ, 34 ವರ್ಷಗಳ ಬಳಿಕ. ಸರಕಾರದ ಕಾಗದವು ಕೊಲ್ಲುವವನ ಕೈಯಲ್ಲಿ ಆಯುಧವಾದೀತು, ನ್ಯಾಯ ಕೇಳುವವನ ಕೈಯಲ್ಲಿ ಸಾಕ್ಷಿಯೂ ಆದೀತು. ಅದನ್ನು ಬರೆಯುವ, ಕಾಯುವ, ಅಡಗಿಸುವ ಕೈ ಯಾವುದೆಂಬುದೇ ಪ್ರಶ್ನೆ.

ನಾವು ಕನ್ನಡಿಗರು ಇದನ್ನು ದೂರದ ಕಥೆಯೆಂದು ಓದುವಂತಿಲ್ಲ. ಗುರುನಾನಕರು ಬಂದು ಸಿಹಿನೀರಿನ ಚಿಲುಮೆ ಹೊರಡಿಸಿದರೆಂದು ಸಿಖ್ಖರು ನಂಬುವ ಕ್ಷೇತ್ರವಿರುವುದು ನಮ್ಮ ಬೀದರಿನಲ್ಲಿ. ಖಾಲ್ಸಾದ ‘ಪಂಚ ಪ್ಯಾರೆ’ಗಳಲ್ಲಿ ಒಬ್ಬರಾದ ಸಾಹಿಬ್ ಸಿಂಗರು ಬೀದರಿನವರೆಂಬುದು ಅವರ ಸಂಪ್ರದಾಯ. ಅದೇ ಬೀದರಿನಲ್ಲಿ, 1988ರ ಸೆಪ್ಟೆಂಬರಿನಲ್ಲಿ, ಓದಲು ಬಂದಿದ್ದ ಆರು ಮಂದಿ ಸಿಖ್ ವಿದ್ಯಾರ್ಥಿಗಳು ಗುಂಪಿನ ಕೈಯಲ್ಲಿ ಹತರಾದರು. ಹೊಟ್ಟೆಪಾಡಿಗೆ ಪರವೂರಿಗೆ ಬಂದ ನಾವು, 1960ರ ದಶಕದ ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳ ಗಾಜು ಒಡೆದ ದಿನಗಳನ್ನು ಹಿರಿಯರ ಬಾಯಿಂದ ಕೇಳಿದ್ದೇವೆ. ಪರವೂರಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವವರಿಗೆ ಕಾಯಿದೆಯೊಂದೇ ಕೊಡೆ. ಪಕ್ಕದವನ ಕೊಡೆ ಹರಿದುದನ್ನು ನೋಡಿ ನಗುವವನು ಮಳೆ ತನ್ನ ತಲೆಗೂ ಬರುವುದೆಂಬುದನ್ನು ಮರೆತಿರುತ್ತಾನೆ.

ಆಗಬೇಕಾದುದೇನು? ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತವು 1997ರಲ್ಲಿ ಸಹಿ ಹಾಕಿತು. ಬಲಾತ್ಕಾರವಾಗಿ ಕಾಣೆ ಮಾಡುವುದರ ವಿರುದ್ಧದ ಒಪ್ಪಂದಕ್ಕೆ 2007ರಲ್ಲಿ. ಎರಡನ್ನೂ ಇನ್ನೂ ಸ್ಥಿರೀಕರಿಸಿಲ್ಲ. ಸಹಿ ಮಾಡಿ ಹಣ ತುಂಬದ ಚೆಕ್ಕಿಗೆ ಬೆಲೆಯೆಷ್ಟೆಂಬುದು ಗುಮಾಸ್ತ ಬಂಧುಗಳಿಗೆ ಹೇಳಬೇಕಾಗಿಲ್ಲ. ಇವೆರಡನ್ನೂ ಸ್ಥಿರೀಕರಿಸಿ, ಅದಕ್ಕೆ ತಕ್ಕ ಶಾಸನವನ್ನು ಸಂಸತ್ತು ಮಾಡಬೇಕು. ಮೂರು ಸ್ಮಶಾನಗಳಾಚೆಗೂ ಪಂಜಾಬದ ಉಳಿದ ಸ್ಮಶಾನಗಳ ಪುಸ್ತಕಗಳನ್ನು ತೆರೆಯಬೇಕು. ಸಾಕ್ಷಿಗಳೂ ತಾಯಂದಿರೂ ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ, ವಿಳಂಬವೆಂದರೆ ನಿರಾಕರಣೆಯೇ ಸರಿ.

ಕಚೇರಿಯಲ್ಲಿ ಪುಸ್ತಕ ಬರೆಯುವವರ ಕೆಲಸವನ್ನು ಲೋಕವು ಕ್ಷುಲ್ಲಕವೆಂದು ಎಣಿಸುತ್ತದೆ. ಅಮೃತಸರದ ಸ್ಮಶಾನದಲ್ಲಿ ಯಾರೋ ಹೆಸರಿಲ್ಲದ ಒಬ್ಬ ಗುಮಾಸ್ತನು, ಇಂದು ಇಷ್ಟು ಹೆಣಕ್ಕೆ ಇಷ್ಟು ಸೌದೆ ಎಂದು ಇದ್ದುದನ್ನು ಇದ್ದಂತೆ ಬರೆದಿಟ್ಟನು. ಆತನು ಹಾಗೆ ಬರೆಯದೆ ಹೋಗಿದ್ದರೆ, ಆ 2,097 ಮಂದಿ ಸತ್ತುದೂ ಲೋಕಕ್ಕೆ ತಿಳಿಯುತ್ತಿರಲಿಲ್ಲ.